ಹಸ್ತ ಮಳೆಯ ನಾಡಿನಲ್ಲಿ ಶ್ರಮದಾನ

ಬೇಲೂರಿನಿಂದ ಹಳೇಬೀಡಿಗೆ ಸುಮಾರು 16 ಕಿಲೋಮೀಟರ್. ಅಲ್ಲಿಂದ ಜಾವಗಲ್, ಬಾಣಾವರದ ಮೇಲೆ ಹಾದು ಅರಸೀಕೆರೆ ಮುಟ್ಟುವ ಹೊತ್ತಿಗೆ ಬಸ್ಸಿನ ಕಿಟಕಿಯಾಚೆ ನಾಡೇ ಬದಲಾಗಿರುತ್ತದೆ. ಬೇಲೂರಿನ ಪಡುವಣಕ್ಕೆ ಕಾಫಿ ತೋಟ, ನೆರಳಿನ ಮರ, ಮೆಣಸಿನ ಬಳ್ಳಿ. ಹಳೇಬೀಡಿನ ಆಸುಪಾಸು ಮುಸುಕಿನ ಜೋಳ, ಆಲೂಗೆಡ್ಡೆ, ಶುಂಠಿ. ಜಾವಗಲ್ ದಾಟಿದರೆ ತೆಂಗು, ರಾಗಿ ಹೊಲ, ಕುರಿಮಂದೆ, ನಡುನಡುವೆ ಬಂಡೆ ಹೊತ್ತ ಕುರುಚಲು ಗುಡ್ಡ. ಇದೇ ಹಾಸನ ಜಿಲ್ಲೆಯ ಸಕಲೇಶಪುರದ ಘಟ್ಟದಂಚಿನಲ್ಲಿ ವರ್ಷಕ್ಕೆ 2000 ಮಿಲಿಮೀಟರ್ ಮೀರಿ ಸುರಿಯುವ ಮಳೆ ಅರಸೀಕೆರೆಯಲ್ಲಿ 700ರ ಆಸುಪಾಸಿಗೆ ಇಳಿದಿರುತ್ತದೆ. ಪಶ್ಚಿಮ ಘಟ್ಟವೂ ಬಾಬಾಬುಡನ್ ಸಾಲೂ ಮೋಡದ ನೀರನ್ನು ಮೊದಲೇ ಹಿಂಡಿಕೊಂಡ ಮೇಲೆ ಉಳಿದದ್ದು ಈ ಸೀಮೆಗೆ.

ಎಷ್ಟು ಮಳೆ ಎಂಬುದಕ್ಕಿಂತ ಯಾವಾಗ ಮಳೆ ಎಂಬುದು ಇಲ್ಲಿ ಹೆಚ್ಚು ಮುಖ್ಯ. ಅರಸೀಕೆರೆ ಕಡೆ ಆಷಾಢವೆಂದರೆ ಗಾಳಿ. ಮುಂಗಾರಿನ ಮೋಡ ತಲೆಯ ಮೇಲೆ ಓಡುತ್ತಲೇ ಇರುತ್ತದೆ, ಹನಿ ಉದುರುವುದು ಕಡಿಮೆ. ಏಪ್ರಿಲ್‌–ಮೇ ತಿಂಗಳಲ್ಲಿ ಒಂದಿಷ್ಟು ಗುಡುಗಿನ ಮಳೆ ಬಂದು ನೆಲ ನೆನೆಸಿ ಹೋಗುತ್ತದೆ. ಕಟ್ಟೆ ತುಂಬಿಸಿ ಕೆರೆಗೆ ನೀರು ತರುವ ದೊಡ್ಡ ಮಳೆ ಮಾತ್ರ ಸೆಪ್ಟೆಂಬರ್‌–ಅಕ್ಟೋಬರಿನದು, ಅಂದರೆ ಉತ್ತರೆ, ಹಸ್ತ, ಚಿತ್ತೆ. ಈ ಲೆಕ್ಕ ಇಲ್ಲಿನ ಪ್ರತಿಯೊಬ್ಬ ರೈತನಿಗೂ ಗೊತ್ತು. ಪರಿಸರದ ಕೆಲಸಕ್ಕೆಂದು ಗುಂಪು ಕಟ್ಟಿಕೊಂಡು ಹೊರಡುವ ನಮ್ಮ ಕ್ಯಾಲೆಂಡರಿಗೆ ಮಾತ್ರ ಇದು ಇನ್ನೂ ಗೊತ್ತಾಗಿಲ್ಲ. ಜೂನ್ 5ಕ್ಕೆ ವಿಶ್ವ ಪರಿಸರ ದಿನ, ಜುಲೈ ಮೊದಲ ವಾರ ವನಮಹೋತ್ಸವ. ಕೆ. ಎಂ. ಮುನ್ಷಿ ಅವರು ಕೇಂದ್ರ ಸಚಿವರಾಗಿದ್ದಾಗ, 1950ರಲ್ಲಿ ಶುರುವಾದ ಈ ವಾರ ಸಕಲೇಶಪುರಕ್ಕೆ ಒಪ್ಪುತ್ತದೆ. ಅರಸೀಕೆರೆಯ ಗುಡ್ಡದ ಮೇಲೆ ಅದೇ ವಾರ ನೆಟ್ಟ ಸಸಿ ಎರಡು ತಿಂಗಳು ಗಾಳಿಗೆ ಮೈಯೊಡ್ಡಿ, ಎಲೆಯಿಂದ ನೀರು ಕಳೆದುಕೊಳ್ಳುತ್ತ, ಬೇರಿನಿಂದ ಅಷ್ಟು ನೀರು ಎಳೆದುಕೊಳ್ಳಲಾರದೆ ನಿಂತಿರುತ್ತದೆ. ಹಸ್ತ ಮಳೆ ಬರುವಷ್ಟರಲ್ಲಿ ಅದರ ಕಥೆ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ.

ಅರಸೀಕೆರೆ, ಬೇಲೂರು, ಹಳೇಬೀಡಿನ ಗುಡ್ಡ, ಕಾವಲು, ಕಲ್ಯಾಣಿ, ಕೆರೆಗಳಲ್ಲಿ ಕೂಲಿ ಕೇಳದೆ ಕೆಲಸ ಮಾಡಬೇಕೆಂದು ಮನಸ್ಸಿರುವವರಿಗೆ ಈ ಅಧ್ಯಾಯ ಹೇಳುವುದು ಒಂದೇ ಮಾತು. ಸಸಿ ಹಿಡಿದು ಹೊರಡುವ ಮೊದಲು ನೀರು ಎಲ್ಲಿ ಓಡುತ್ತಿದೆ ಎಂದು ನೋಡಿ, ಅದರ ಹಿಂದೆಯೇ ಕೆಲಸವನ್ನು ಒಯ್ಯಬೇಕು. ಗುಡ್ಡದ ನೆತ್ತಿಯಿಂದ ಕೆರೆಯ ತೂಬಿನವರೆಗೆ ನೀರು ಇಳಿಯುವ ಕ್ರಮದಲ್ಲೇ ಈ ಬರಹವೂ ಇಳಿಯುತ್ತದೆ.

ನೆತ್ತಿಯಿಂದ ಶುರು ಮಾಡೋಣ, ಅಂದರೆ ಕಾಲುದಾರಿಯಿಂದ. ಅರಸೀಕೆರೆ ಪಟ್ಟಣದ ಮಗ್ಗುಲಲ್ಲೇ ಮಾಲೇಕಲ್ ತಿರುಪತಿ ಬೆಟ್ಟವಿದೆ. ಯಾದಾಪುರದ ಬಳಿ ಜೇನುಕಲ್ಲು ಸಿದ್ದೇಶ್ವರನ ಗುಡ್ಡವಿದೆ, ಹುಣ್ಣಿಮೆ ಹುಣ್ಣಿಮೆಗೂ ಜನ ಹತ್ತುತ್ತಾರೆ. ಹಳೇಬೀಡಿನ ಪಕ್ಕ ಪುಷ್ಪಗಿರಿ. ಇಂಥ ಎಲ್ಲ ಗುಡ್ಡಗಳಲ್ಲೂ ಮೆಟ್ಟಿಲು ಬಿಟ್ಟು ಒಳದಾರಿ ಹಿಡಿಯುವವರು, ಮೇಕೆ ಹೊಡೆದುಕೊಂಡು ಹೋಗುವವರು, ಸೌದೆಗೆ ಹೋಗುವವರು ತುಳಿದು ಮಾಡಿದ ದಾರಿಗಳಿರುತ್ತವೆ. ಒಂದು ಮೀಟರ್ ಅಗಲ, ಅರ್ಧ ಕಿಲೋಮೀಟರ್ ಉದ್ದದ ಒಂದು ದಾರಿಯನ್ನು ತೆಗೆದುಕೊಳ್ಳಿ. ಅದರ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ 10,000 ಲೀಟರ್ ನೀರಾಯಿತು, ಎರಡು ಟ್ಯಾಂಕರ್‌ನಷ್ಟು. ತುಳಿದು ತುಳಿದು ಗಟ್ಟಿಯಾದ ಮಣ್ಣಿನಲ್ಲಿ ಅದು ಇಂಗುವುದಿಲ್ಲ. ಅಕ್ಕಪಕ್ಕದ ಇಳಿಜಾರಿನ ನೀರೂ ಬಂದು ಸೇರಿಕೊಂಡು ದಾರಿಯೇ ಹಳ್ಳವಾಗುತ್ತದೆ.

ಹಳ್ಳ ಹಿಡಿದ ನೀರಿಗೆ ವೇಗ ಬರುತ್ತದೆ, ಅಪಾಯವಿರುವುದು ಅಲ್ಲಿಯೇ. ನೀರಿನ ವೇಗ ಇಮ್ಮಡಿಯಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ ಇಮ್ಮಡಿಯಾಗುವುದಿಲ್ಲ, ಸುಮಾರು 64 ಪಟ್ಟಾಗುತ್ತದೆ ಎಂಬುದು ಹತ್ತೊಂಬತ್ತನೇ ಶತಮಾನದಿಂದಲೂ ಗೊತ್ತಿರುವ ಲೆಕ್ಕ. ಮೊದಲ ಮಳೆಗೆ ಹುಡಿ ಮಣ್ಣು ಹೋಗುತ್ತದೆ, ಎರಡನೆಯದಕ್ಕೆ ಮರಳು, ಆಮೇಲೆ ಗೊರಚು ಕಲ್ಲು. ದಾರಿ ಮೊಣಕಾಲುದ್ದ ಕೊರೆದುಕೊಂಡಾಗ ನಡೆಯುವವರು ಪಕ್ಕದ ಹುಲ್ಲಿನ ಮೇಲೆ ಕಾಲಿಡುತ್ತಾರೆ, ಅಲ್ಲೊಂದು ಹೊಸ ದಾರಿ ಹುಟ್ಟುತ್ತದೆ, ಅದೂ ಕೊರೆಯುತ್ತದೆ. ಒಂದು ದಾರಿ ಹೀಗೆ ಹತ್ತು ವರ್ಷದಲ್ಲಿ ನಾಲ್ಕಾಗಿ ಇಡೀ ಮೈಯನ್ನು ಬೋಳಿಸಬಲ್ಲದು.

ಇದಕ್ಕೆ ಮದ್ದು ದುಬಾರಿಯಲ್ಲ. ದಾರಿಗೆ ಅಡ್ಡಲಾಗಿ, ಆದರೆ ನೇರ ಅಡ್ಡವಾಗಿ ಅಲ್ಲ, ತುಸು ಓರೆಯಾಗಿ ಒಂದು ಸಾಲು ಕಲ್ಲು ಕೂರಿಸಬೇಕು. ಕಲ್ಲಿನ ಮುಕ್ಕಾಲು ಪಾಲು ನೆಲದೊಳಗೆ ಇರಬೇಕು. ಮೇಲಿಟ್ಟ ಕಲ್ಲನ್ನು ಮೊದಲ ಮಳೆಯೇ ಎತ್ತಿ ಒಗೆಯುತ್ತದೆ. ಆದ್ದರಿಂದ ಪಿಕಾಸಿಯಿಂದ ಮೊದಲು ಕಾಲುವೆಯಂತೆ ತೋಡಿ, ಹಾರೆಯಿಂದ ಕಲ್ಲನ್ನು ಅದರೊಳಗೆ ಇಳಿಸಿ, ಸಂದುಗಳಿಗೆ ಚೂರುಗಲ್ಲು ಬಡಿದು, ಮೇಲ್ಗಡೆಗೆ ಮಣ್ಣು ಹಾಕಿ ತುಳಿಯಬೇಕು. ಓಡಿ ಬರುವ ನೀರು ಆ ಸಾಲಿಗೆ ತಾಗಿ, ಓರೆ ಹಿಡಿದು, ದಾರಿಯಿಂದ ಹೊರಗೆ ಹುಲ್ಲಿನ ಮೇಲೆ ಹರಡಿಕೊಳ್ಳುತ್ತದೆ. ಹರಡಿಕೊಂಡ ನೀರಿಗೆ ವೇಗವಿಲ್ಲ, ಮಣ್ಣು ಕೊರೆಯುವ ಶಕ್ತಿಯೂ ಇಲ್ಲ. ಇಳಿಜಾರು ಕಡಿದಾದಷ್ಟೂ ಈ ಅಡ್ಡಗಟ್ಟುಗಳು ಹತ್ತಿರ ಹತ್ತಿರ ಇರಬೇಕು. ಹೊಸದಾಗಿ ದಾರಿ ಮಾಡುವುದಾದರೆ ಗುಡ್ಡದ ಇಳಿಜಾರು ಎಷ್ಟಿದೆಯೋ ದಾರಿಯ ಏರು ಅದರ ಅರ್ಧಕ್ಕಿಂತ ಕಡಿಮೆ ಇರುವಂತೆ ಮೈಗುಂಟ ಬಳಸಿ ಒಯ್ಯಬೇಕು. ನೆಟ್ಟಗೆ ಹತ್ತುವ ದಾರಿ ಯಾವಾಗಲೂ ನೀರಿನ ಪಾಲಾಗುತ್ತದೆ.

ಅಮೆರಿಕದ ಅಪಲಾಚಿಯನ್ ಗಿರಿಸಾಲಿನಲ್ಲಿ 3,500 ಕಿಲೋಮೀಟರ್ ಉದ್ದದ ಒಂದು ಕಾಲುದಾರಿಯಿದೆ. ಬೆಂಟನ್ ಮೆಕೈ ಎಂಬಾತ 1921ರಲ್ಲಿ ಮುಂದಿಟ್ಟ ಯೋಚನೆ ಅದು. 1937ರಲ್ಲಿ ಪೂರ್ತಿಯಾಯಿತು. ಇಂದಿಗೂ ಅದನ್ನು ಕಾಪಾಡುವ ಕೆಲಸದ ಬಹುಪಾಲನ್ನು ಮಾಡುವವರು ದಾರಿಯುದ್ದಕ್ಕೂ ಇರುವ ಸ್ಥಳೀಯ ಸಂಘಗಳ ಸ್ವಯಂಸೇವಕರು. ಪ್ರತಿ ಸಂಘಕ್ಕೂ ಇಷ್ಟು ಮೈಲಿ ನಿಮ್ಮದು ಎಂದು ಹಂಚಿಕೆಯಾಗಿದೆ. ಅವರು ಹೂಳುವ ಅಡ್ಡಗಲ್ಲಿಗೂ ಜೇನುಕಲ್ಲಿನಲ್ಲಿ ಹೂಳಬಹುದಾದ ಅಡ್ಡಗಲ್ಲಿಗೂ ಏನೂ ವ್ಯತ್ಯಾಸವಿಲ್ಲ. ನಮ್ಮಲ್ಲಿ ಕೊರತೆಯಿರುವುದು ಹಂಚಿಕೆಯದು. ಜಾತ್ರೆಯ ಮಾರನೆಯ ದಿನ ಪ್ಲಾಸ್ಟಿಕ್ ಆಯಲು ನೂರು ಜನ ಬರುತ್ತಾರೆ, ಅದು ಬೇಕಾದದ್ದೇ. ಆದರೆ ‘ಮೂರನೇ ಮಂಟಪದಿಂದ ನೆತ್ತಿಯವರೆಗೆ ನಮ್ಮದು, ಮಳೆ ಬಂದಾಗೆಲ್ಲ ನೋಡಿಕೊಂಡು ಬರುತ್ತೇವೆ’ ಎನ್ನುವ ಹತ್ತು ಜನ ಸಿಕ್ಕರೆ ಗುಡ್ಡಕ್ಕೆ ಅದಕ್ಕಿಂತ ಹೆಚ್ಚು ಉಪಕಾರ. ಅಡ್ಡಗಟ್ಟಿನ ಹಿಂದೆ ಮಣ್ಣು ತುಂಬಿಕೊಳ್ಳುತ್ತದೆ, ವರ್ಷಕ್ಕೆರಡು ಬಾರಿ ಸಲಿಕೆಯಿಂದ ತೆಗೆಯದಿದ್ದರೆ ನೀರು ಕಲ್ಲನ್ನು ಹತ್ತಿ ದಾಟಿ ಮತ್ತೆ ದಾರಿಗೇ ಇಳಿಯುತ್ತದೆ.

ದಾರಿಯಿಂದ ಹೊರಗೆ ಕಾಲಿಟ್ಟರೆ ಲಂಟಾನ. ತಿಳಿಗೆಂಪು, ಹಳದಿ ಹೂವಿನ ಗೊಂಚಲು, ಮುಳ್ಳು ಕಾಂಡ, ಉಜ್ಜಿದರೆ ಮೂಗಿಗೆ ಹೊಡೆಯುವ ವಾಸನೆ. ಅಮೆರಿಕದ ಉಷ್ಣವಲಯದ ಈ ಗಿಡ ಹತ್ತೊಂಬತ್ತನೇ ಶತಮಾನದ ಮೊದಲ ದಶಕದಲ್ಲಿ ಅಲಂಕಾರಕ್ಕೆಂದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂತು. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಇಂದು ದೇಶದಲ್ಲಿ ಒಂದೂವರೆ ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚು ಕಾಡನ್ನು ಅದು ಆಕ್ರಮಿಸಿದೆ. ಪಿಕಳಾರಗಳು ಕಪ್ಪು ಹಣ್ಣು ತಿಂದು ಬೀಜವನ್ನು ಊರೆಲ್ಲ ಬಿತ್ತುತ್ತವೆ. ಎಲೆಯಲ್ಲಿರುವ ವಿಷ ದನದ ಪಿತ್ತಕೋಶ, ಯಕೃತ್ತನ್ನು ಕೆಡಿಸುವುದರಿಂದ ಮೇಯುವ ಬಾಯಿ ಅದನ್ನು ಮುಟ್ಟುವುದಿಲ್ಲ. ಪಕ್ಕದ ಹುಲ್ಲು, ಕಾರೆ, ಎಲಚಿ ಎಲ್ಲವನ್ನೂ ದನ ಮೇಕೆ ಕಡಿದು ಲಂಟಾನವನ್ನು ಮಾತ್ರ ಉಳಿಸಿದಾಗ ಗುಡ್ಡ ತಾನಾಗಿಯೇ ಅದರ ಕೈಗೆ ಹೋಗುತ್ತದೆ.

ಶಿಬಿರಗಳಲ್ಲಿ ಸಾಮಾನ್ಯವಾಗಿ ಕಾಣುವುದು ಮಚ್ಚು ಹಿಡಿದು ಲಂಟಾನ ಸವರುವ ದೃಶ್ಯ. ಸವರಿದ ಬುಡ ಎರಡೇ ತಿಂಗಳಲ್ಲಿ ಒಂದಕ್ಕೆ ಹತ್ತು ಚಿಗುರೊಡೆದು ನಿಲ್ಲುತ್ತದೆ. ಇಡೀ ಬುಡವನ್ನು ಜೆಸಿಬಿಯಿಂದ ಕಿತ್ತರೆ ನೆಲ ಅಗೆದಂತಾಗಿ, ಮಣ್ಣಿನಲ್ಲಿ ಮಲಗಿದ್ದ ಅದರ ಬೀಜಗಳೆಲ್ಲ ಬಿಸಿಲು ಕಂಡು ಮೊಳೆಯುತ್ತವೆ. ದೆಹಲಿ ವಿಶ್ವವಿದ್ಯಾಲಯದ ಸಿ. ಆರ್. ಬಾಬು ಮತ್ತವರ ಸಂಗಡಿಗರು ಗಿಡವನ್ನು ಹತ್ತಿರದಿಂದ ನೋಡಿ ಬೇರೊಂದು ವಿಧಾನ ಕಂಡುಕೊಂಡರು. ಲಂಟಾನ ಚಿಗುರುವುದು ಕಾಂಡ ಬೇರಿಗೆ ಕೂಡುವ ಗಂಟಿನಿಂದ ಮಾತ್ರ, ಅದರ ಕೆಳಗಿನ ಬೇರಿಗೆ ಚಿಗುರುವ ಶಕ್ತಿಯಿಲ್ಲ. ಹಾಗಾಗಿ ನೆಲದಿಂದ ಒಂದೆರಡು ಇಂಚು ಕೆಳಗೆ, ಗಂಟಿನ ಬುಡಕ್ಕೆ ಗುದ್ದಲಿ ಹಾಕಿ ತಾಯಿಬೇರನ್ನು ಕತ್ತರಿಸಿದರೆ ಸಾಕು. ಇಬ್ಬರು ಸೇರಿ ಪೊದೆಯನ್ನು ಎತ್ತಿ, ಬೇರು ಮೇಲಾಗುವಂತೆ ಬೋರಲು ಹಾಕಿದರೆ ಮತ್ತೆ ನೆಲಕಚ್ಚುವುದಿಲ್ಲ, ಒಣಗಿ ಹೋಗುತ್ತದೆ. ಮಣ್ಣು ಅಲುಗುವುದು ಅಂಗೈಯಗಲ ಮಾತ್ರ. ಹೂವು ಕಾಯಾಗುವ ಮೊದಲು, ನೆಲ ಹಸಿಯಿರುವಾಗ ಮಾಡಿದರೆ ಕೆಲಸ ಹಗುರ. ಮುಂದಿನ ಎರಡು ಮೂರು ವರ್ಷ, ಹಕ್ಕಿ ಕೂರುವ ಮರಗಳ ಕೆಳಗೆ ಹುಟ್ಟುವ ಲಂಟಾನದ ಸಸಿಗಳನ್ನು ಕೈಯಿಂದಲೇ ಕೀಳಬೇಕು. ಅದನ್ನು ಮಾಡದಿದ್ದರೆ ಮೊದಲ ವರ್ಷದ ಬೆವರು ವ್ಯರ್ಥ.

ಎಲ್ಲಿಂದ ಕೀಳಲು ಶುರು ಮಾಡಬೇಕು ಎಂಬ ಪ್ರಶ್ನೆಗೆ ಉತ್ತರ ಕೊಟ್ಟವರು ಆಸ್ಟ್ರೇಲಿಯದ ಇಬ್ಬರು ಅಕ್ಕತಂಗಿಯರು, ಜೋನ್ ಮತ್ತು ಐಲೀನ್ ಬ್ರ್ಯಾಡ್ಲಿ. 1960ರ ದಶಕದಲ್ಲಿ ಸಿಡ್ನಿಯ ಕಡಲಂಚಿನ ಆಷ್ಟನ್ ಪಾರ್ಕಿನಲ್ಲಿ ನಡೆದಾಡುತ್ತ, ದಾರಿಬದಿಯ ಕಳೆಯನ್ನು ದಿನಕ್ಕಿಷ್ಟು ಕೀಳುತ್ತ ಹೋದರು. ಅಲ್ಲಿಯೂ ಪೀಡೆಯಾಗಿದ್ದ ಗಿಡಗಳಲ್ಲಿ ಲಂಟಾನ ಒಂದು. ಅವರ ನಿಯಮ ಎಲ್ಲರ ಎಣಿಕೆಗೂ ತಿರುಗುಮುರುಗು. ಕಳೆ ಅತಿ ದಟ್ಟವಾಗಿರುವ ಜಾಗಕ್ಕೆ ಮೊದಲು ಕೈ ಹಾಕಬೇಡಿ, ನಾಡಿನ ಗಿಡಗಳು ಚೆನ್ನಾಗಿರುವ ಜಾಗದಿಂದ ಶುರು ಮಾಡಿ ಅಂಚಿನತ್ತ ಹೋಗಿ. ಕಿತ್ತಲ್ಲಿ ಮಣ್ಣು ಬರಿದಾಗದಂತೆ ತರಗೆಲೆ ಮುಚ್ಚಿ. ಊರ ಗಿಡಗಳು ಆ ಜಾಗವನ್ನು ತುಂಬುವ ವೇಗಕ್ಕಿಂತ ಬೇಗ ಮುಂದಕ್ಕೆ ಹೋಗಬೇಡಿ. ಗುಡ್ಡದ ಒಂದು ಮೂಲೆಯಲ್ಲಿ ದಿಂಡಿಲು, ಕಗ್ಗಲಿ, ಬಂದರೆ, ಕಾರೆ ಇನ್ನೂ ಜೀವಂತವಿದ್ದರೆ ಬೀಜದ ಬ್ಯಾಂಕು ಅಲ್ಲಿದೆ. ಅದರ ಅಂಚಿನ ಲಂಟಾನ ಕಿತ್ತರೆ ಆ ಬೀಜಗಳೇ ಹೊರಕ್ಕೆ ನಡೆದು ಬರುತ್ತವೆ. ಪೂರ್ತಿ ಲಂಟಾನವಾದ ಬಯಲಿನ ನಡುವೆ ಒಂದೆಕರೆ ಬೋಳಿಸಿದರೆ ಅಲ್ಲಿಗೆ ಬರುವುದು ಮತ್ತೆ ಲಂಟಾನ, ಇಲ್ಲವೆ ಪಾರ್ಥೇನಿಯಂ. ಬ್ರ್ಯಾಡ್ಲಿ ಸೋದರಿಯರ ಈ ಮಾತು ನಮ್ಮ ಗುಡ್ಡಗಳಿಗೆ ಯಾವ ಸರ್ಕಾರಿ ಯೋಜನೆಗಿಂತ ಹೆಚ್ಚು ಹೊಂದುತ್ತದೆ ಎಂದು ನನಗೆ ಅನ್ನಿಸಿದೆ, ಏಕೆಂದರೆ ಇದಕ್ಕೆ ಬೇಕಾದದ್ದು ಹಣವಲ್ಲ, ಒಂದೇ ಜಾಗಕ್ಕೆ ಮತ್ತೆ ಮತ್ತೆ ಬರುವ ಜನ.

ಇನ್ನೊಂದು ಕಾರಣಕ್ಕೂ ನಿಧಾನ ಒಳ್ಳೆಯದು. ಅರಸೀಕೆರೆಯ ಗುಡ್ಡಗಳು ಕರಡಿಯ ನೆಲೆ, ಚಿರತೆಯೂ ಇದೆ. ಹಗಲಿನಲ್ಲಿ ಕರಡಿ ಬಂಡೆಯ ಪೊಟರೆಯಲ್ಲಿ ಇಲ್ಲವೆ ಲಂಟಾನದ ಗೂಡಿನಂಥ ಪೊದೆಯಲ್ಲಿ ಮಲಗಿರುತ್ತದೆ. ಇಡೀ ಮೈಯ ಲಂಟಾನವನ್ನು ಒಂದೇ ಬೇಸಿಗೆಯಲ್ಲಿ ತೆಗೆದರೆ ಅದು ತೋಟದ ಕಡೆಗೆ ಸರಿಯುತ್ತದೆ. ತುಂಡುತುಂಡಾಗಿ ತೆಗೆದು, ತೆಗೆದ ಜಾಗಕ್ಕೆ ಎಲಚಿ, ಕಕ್ಕೆ, ಕಾರೆ, ಕವಳೆ ಬರುವಂತೆ ಮಾಡಿದರೆ ಕರಡಿಗೆ ಮರೆಯೂ ಉಳಿಯುತ್ತದೆ, ಹೊಟ್ಟೆಗೂ ಸಿಗುತ್ತದೆ. ಕರಡಿ ಈ ಹಣ್ಣುಗಳನ್ನು ತಿಂದು ಬೀಜವನ್ನು ಲದ್ದಿಯಲ್ಲಿ ಗುಡ್ಡವಿಡೀ ಹಾಕುತ್ತದೆ. ಸಸಿ ನೆಡುವವರಲ್ಲಿ ಅದಕ್ಕಿಂತ ಹಳಬರಿಲ್ಲ. ಕೆಲಸದ ದಿನ ಬೆಳಕು ಚೆನ್ನಾಗಿ ಹರಿದ ಮೇಲೆ ಗುಂಪಾಗಿ ಮಾತಾಡುತ್ತ ಹೋಗಬೇಕು, ಪೊದೆಗೆ ಕೈ ಹಾಕುವ ಮೊದಲು ಕೋಲಿನಿಂದ ಬಡಿದು ಸದ್ದು ಮಾಡಬೇಕು, ಅರಣ್ಯ ಇಲಾಖೆಯ ಕಾವಲುಗಾರ ಜೊತೆಗಿರಬೇಕು. ಹೆಜ್ಜೇನು ಕಟ್ಟಿದ ಬಂಡೆಯ ಹತ್ತಿರ ಹೊಗೆ ಎಬ್ಬಿಸಬಾರದು.

ಹೊಗೆ ಎಂದಾಗ ಬೆಂಕಿಯ ಮಾತೂ ಬರುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಿಗೆಯ ಆರಂಭದಲ್ಲಿ ತರಗು ಬೆಂಕಿ ಹಾಕುತ್ತಿದ್ದರು, ನೆಲಮಟ್ಟದ ಸಣ್ಣ ಬೆಂಕಿ. 1974ರಲ್ಲಿ ವನ್ಯಧಾಮವಾದ ಮೇಲೆ ಅದು ನಿಂತಿತು. ಆ ಬೆಂಕಿ ನಿಂತದ್ದರಿಂದಲೇ ಲಂಟಾನ ಏರಿತು ಎಂಬುದು ಸೋಲಿಗರ ಮಾತು. ಅಲ್ಲಿ ನಡೆದ ಅಧ್ಯಯನದಲ್ಲಿ 1997ರಲ್ಲಿ ನೂರಕ್ಕೆ 40ರಷ್ಟು ತಾಕುಗಳಲ್ಲಿದ್ದ ಲಂಟಾನ 2008ರ ಹೊತ್ತಿಗೆ ನೂರಕ್ಕೆ 80ರಷ್ಟು ತಾಕುಗಳಲ್ಲಿ ಕಂಡಿತು. ಇದನ್ನು ಓದಿ ಯಾರೂ ಅರಸೀಕೆರೆಯ ಗುಡ್ಡಕ್ಕೆ ಕಡ್ಡಿ ಗೀರಬಾರದು. ಲಂಟಾನ ಒಮ್ಮೆ ದಟ್ಟವಾದ ಮೇಲೆ ಬೆಂಕಿ ನೆಲಮಟ್ಟದಲ್ಲಿ ಉಳಿಯುವುದಿಲ್ಲ, ಮರದ ತಲೆಗೆ ಏರುತ್ತದೆ. ಸುಟ್ಟ ಬುಡದಿಂದ ಮೊದಲು ಚಿಗುರುವುದೂ ಲಂಟಾನವೇ. ಇಲ್ಲಿ ಸ್ವಯಂಸೇವಕರು ಮಾಡಬಹುದಾದ ಕೆಲಸವೆಂದರೆ ಶಿವರಾತ್ರಿಗೆ ಮೊದಲು ಇಲಾಖೆಯ ಜೊತೆ ಸೇರಿ ಬೆಂಕಿ ರೇಖೆಯ ಒಣಹುಲ್ಲು ಕೆತ್ತಿ ಸ್ವಚ್ಛ ಮಾಡುವುದು.

ಈಗ ಸಸಿಯ ಮಾತು. ಸಾಲುಮರದ ತಿಮ್ಮಕ್ಕ ಕೊನೆಯ ವರ್ಷಗಳಲ್ಲಿ ನೆಲೆಸಿದ್ದು ಬೇಲೂರು ತಾಲೂಕಿನ ಬಳ್ಳೂರಿನಲ್ಲಿ, ತಮ್ಮ ದತ್ತುಮಗನ ಮನೆಯಲ್ಲಿ. 2025ರ ನವೆಂಬರಿನಲ್ಲಿ ತೀರಿಕೊಂಡ ಈ ತಾಯಿ ಮತ್ತು ಅವರ ಪತಿ ಚಿಕ್ಕಯ್ಯ ಮಾಗಡಿ ತಾಲೂಕಿನ ಹುಲಿಕಲ್‌–ಕುದೂರು ನಡುವೆ ನಾಲ್ಕು ಕಿಲೋಮೀಟರ್ ಉದ್ದಕ್ಕೂ ಆಲದ ಮರ ಬೆಳೆಸಿದರು, 385 ಎಂದು ಲೆಕ್ಕ ಹೇಳುತ್ತಾರೆ. ಎಲ್ಲರೂ ಆ ಸಂಖ್ಯೆಯನ್ನು ನೆನಪಿಡುತ್ತಾರೆ. ನೆನಪಿಡಬೇಕಾದದ್ದು ಇನ್ನೊಂದು ಸಂಖ್ಯೆ: ಮೊದಲ ವರ್ಷ ಅವರು ನೆಟ್ಟದ್ದು 10, ಮರುವರ್ಷ 15, ಅದರ ಮುಂದಿನ ವರ್ಷ 20. ತಾವಿಬ್ಬರು ಕೊಡದಲ್ಲಿ ನೀರು ಹೊತ್ತು, ಮುಳ್ಳಿನ ಬೇಲಿ ಕಟ್ಟಿ, ದನದಿಂದ ಕಾಯಬಲ್ಲಷ್ಟನ್ನು ಮಾತ್ರ ನೆಟ್ಟರು. ಒಂದೇ ದಿನ ಸಾವಿರ ಸಸಿ ನೆಡುವ ಕಾರ್ಯಕ್ರಮಗಳಲ್ಲಿ ತಿಮ್ಮಕ್ಕನ ಭಾವಚಿತ್ರವಿರುತ್ತದೆ, ಅವರ ಲೆಕ್ಕಾಚಾರವಿರುವುದಿಲ್ಲ. ಇದು ನನಗೆ ನೋವಿನ ಸಂಗತಿ.

ಅರಸೀಕೆರೆಯಂಥ ಒಣನೆಲದಲ್ಲಿ ಗುಂಡಿಯನ್ನು ಬೇಸಿಗೆಯ ಮಳೆಗೇ ತೋಡಿಟ್ಟು ಬಿಸಿಲಿಗೆ ಬಿಡಬೇಕು. ಒಂದೂವರೆ ಅಡಿ ಉದ್ದ, ಅಗಲ, ಆಳ. ತೆಗೆದ ಮಣ್ಣನ್ನು ಇಳಿಜಾರಿನ ಕೆಳಬದಿಗೆ ಅರ್ಧಚಂದ್ರದಂತೆ ಬದು ಮಾಡಿದರೆ ಮೇಲಿಂದ ಬರುವ ನೀರು ಗುಂಡಿಯಲ್ಲೇ ನಿಲ್ಲುತ್ತದೆ. ನೆಡುವ ಹೊತ್ತು ಒಂದು ಹದ ಮಳೆ ಬಿದ್ದ ಮೇಲೆ, ಹುಬ್ಬೆ ಕಳೆದು ಉತ್ತರೆ ಹಿಡಿಯುವಾಗ. ಪಾಲಿಥಿನ್ ಚೀಲದಲ್ಲಿ ಹೆಚ್ಚು ದಿನ ಇದ್ದ ಸಸಿಯ ಬೇರು ತಳದಲ್ಲಿ ಸುರುಳಿ ಸುತ್ತಿಕೊಂಡಿರುತ್ತದೆ. ಆ ಸುರುಳಿಯನ್ನು ಕತ್ತರಿಸದೆ ನೆಟ್ಟರೆ ನೆಲದಲ್ಲೂ ಅದು ಸುತ್ತುತ್ತಲೇ ಇರುತ್ತದೆ, ಕೆಳಗೆ ಇಳಿಯುವುದಿಲ್ಲ. ಹುಣಸೆ, ಹೊಂಗೆ, ಮುತ್ತುಗದಂಥ ದಪ್ಪ ಬೀಜಗಳಿಗೆ ಚೀಲವೇ ಬೇಡ, ನೇರ ನೆಲಕ್ಕೆ ಊರಿದರೆ ತಾಯಿಬೇರು ಯಾವ ಅಡ್ಡಿಯಿಲ್ಲದೆ ಆಳಕ್ಕೆ ಹೋಗುತ್ತದೆ. ಬೀಜದುಂಡೆ ಎಸೆಯುವುದು ಮಕ್ಕಳಿಗೆ ಖುಷಿಯ ಕೆಲಸ, ಆದರೆ ಬಂಡೆಯ ಮೇಲೆ ಬಿದ್ದ ಉಂಡೆ ಉಂಡೆಯಾಗಿಯೇ ಉಳಿಯುತ್ತದೆ. ಮರುವರ್ಷ ಬೇಸಿಗೆಯಲ್ಲಿ ಹೋಗಿ ನೋಡಿದಾಗ ಸಸಿ ಒಣಕಡ್ಡಿಯಾಗಿ ಕಂಡರೆ ಕಿತ್ತೆಸೆಯಬೇಡಿ. ಕುರುಚಲು ಕಾಡಿನ ಎಷ್ಟೋ ಮರಗಳು ಎಳವೆಯಲ್ಲಿ ಪ್ರತಿ ಬೇಸಿಗೆಗೂ ಮೇಲಿನ ಕಾಂಡವನ್ನು ಬಿಟ್ಟುಕೊಟ್ಟು ಬೇರನ್ನು ಮಾತ್ರ ಉಳಿಸಿಕೊಳ್ಳುತ್ತವೆ. ಬೇರು ಸಾಕಷ್ಟು ದಪ್ಪವಾದ ವರ್ಷ ಒಮ್ಮೆಲೇ ಏಳುತ್ತವೆ.

ಗುಡ್ಡದ ಬುಡಕ್ಕೆ ಇಳಿದರೆ ಹುಲ್ಲುಗಾವಲು, ಗೋಮಾಳ, ಹುಲ್ಲುಬನ್ನಿ, ಅಮೃತಮಹಲ್ ಕಾವಲು. ಇಲ್ಲಿ ಸಸಿಯನ್ನು ನೆಡಲೇಬಾರದು ಎಂದರೆ ಹಲವರಿಗೆ ಅಚ್ಚರಿಯಾಗುತ್ತದೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ, ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆದ ಇಲಾಖೆ, ಸೇನೆಯ ಫಿರಂಗಿ ಎಳೆಯುವ ದನಕ್ಕೆಂದು ಈ ಕಾವಲುಗಳನ್ನು ಕಾದಿರಿಸಿತು. ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಿಗೆಯ ಕಾವಲು ಎಂದು ಹಂಚಿ ಮೇಯಿಸಿದ್ದರಿಂದ ಹುಲ್ಲು ಉಳಿಯಿತು, ಹುಲ್ಲಿನ ಜೊತೆ ಕೃಷ್ಣಮೃಗ, ತೋಳ, ಗೌಜಲು, ನೆಲಗುಬ್ಬಿ ಉಳಿದವು. ಅರಸೀಕೆರೆಗೆ ನೆರೆಯ ಕಡೂರು ತಾಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಕೃಷ್ಣಮೃಗ ಸಂರಕ್ಷಣಾ ಮೀಸಲೆಂದು ಘೋಷಿಸಲಾಯಿತು. ಕೃಷ್ಣಮೃಗದ ರಕ್ಷಣೆ ಇರುವುದು ದೂರದವರೆಗೆ ಕಾಣುವ ಬಯಲಿನಲ್ಲಿ, ಓಟದಲ್ಲಿ. ಅಲ್ಲಿ ಅಕೇಸಿಯ, ನೀಲಗಿರಿ ನೆಟ್ಟರೆ ಅದರ ಕಣ್ಣಿಗೆ ಗೋಡೆ ಕಟ್ಟಿದಂತೆ. ಹುಲ್ಲಿನ ಬೇರಿನ ಬಲೆ ಮಣ್ಣನ್ನು ಹಿಡಿದು, ಮಳೆಯನ್ನು ಇಂಗಿಸಿ, ಇಂಗಾಲವನ್ನು ನೆಲದೊಳಗೇ ಇಡುತ್ತದೆ. ಸ್ವಯಂಸೇವಕರಿಗೆ ಇಲ್ಲಿರುವ ಕೆಲಸ ಬಳ್ಳಾರಿ ಜಾಲಿಯನ್ನು ಕೀಳುವುದು, ಗೋಕಟ್ಟೆಯ ಬದು ರಿಪೇರಿ ಮಾಡುವುದು, ಟ್ರ್ಯಾಕ್ಟರ್ ಹರಿದು ಕಾವಲು ಹೊಲವಾಗುತ್ತಿದ್ದರೆ ಸರ್ವೆ ನಂಬರಿನೊಂದಿಗೆ ದೂರು ಕೊಡುವುದು.

ನೀರು ಕೊನೆಗೆ ಸೇರುವುದು ಕಲ್ಯಾಣಿಗೆ, ಕೆರೆಗೆ. ಹಾಸನದ ಹಸಿರುಭೂಮಿ ಪ್ರತಿಷ್ಠಾನದ ಗೆಳೆಯರು 2017ರ ಸುಮಾರಿಗೆ, ಬರದ ಬೆನ್ನಿಗೆ, ಶ್ರಮದಾನಕ್ಕೆ ಇಳಿದು ಜಿಲ್ಲೆಯ ಹಲವು ಕಲ್ಯಾಣಿ, ಕಟ್ಟೆ, ಕೆರೆಗಳ ಹೂಳು ತೆಗೆದರು. ಮುಳ್ಳುಕಂಟಿ ಮುಚ್ಚಿ ಊರಿಗೇ ಮರೆತುಹೋಗಿದ್ದ ಕಲ್ಯಾಣಿಗಳಲ್ಲಿ ಮೆಟ್ಟಿಲು ಕಂಡಿತು, ನೀರೂ ಬಂತು. ಬಾಂಡ್ಲಿ ಕೈಯಿಂದ ಕೈಗೆ ಸಾಗುವ ಸಾಲು ಇಲ್ಲಿ ಬರಿಯ ಹುಮ್ಮಸ್ಸಿನ ಸಂಕೇತವಲ್ಲ. ಹೊಯ್ಸಳರ ಕಾಲದ ಸಡಿಲು ಮೆಟ್ಟಿಲುಗಳ ಮೇಲೆ ಯಂತ್ರ ಇಳಿಸಿದರೆ ಕಟ್ಟಡವೇ ಜಾರುತ್ತದೆ, ಅಲ್ಲಿ ಕೈಯೇ ಸರಿಯಾದ ಸಾಧನ. ಹೂಳಿನಲ್ಲಿ ಶಾಸನದ ಕಲ್ಲೋ ಮುರಿದ ವಿಗ್ರಹವೋ ಸಿಕ್ಕರೆ ತೊಳೆಯದೆ, ಸಾಗಿಸದೆ ಪುರಾತತ್ವ ಇಲಾಖೆಗೆ ತಿಳಿಸಬೇಕು. ತಳ ಸಿಕ್ಕಿತೆಂದು ಸಿಮೆಂಟ್ ಹಾಕಿಸುವ ಉತ್ಸಾಹ ಮಾತ್ರ ಬೇಡ. ಕಲ್ಯಾಣಿ ತುಂಬುವುದು ತಳದ, ಕಲ್ಲುಸಂದಿನ ಊಟೆಯಿಂದ. ಸಿಮೆಂಟ್ ಬಿದ್ದರೆ ಅದು ತೊಟ್ಟಿ, ಟ್ಯಾಂಕರ್ ಬಂದರೆ ಮಾತ್ರ ನೀರು.

ಹಳೇಬೀಡಿನ ಹುಲಿಕೆರೆಯ ಪುಷ್ಕರಣಿ, ಹೊಯ್ಸಳೇಶ್ವರ, ಕೇದಾರೇಶ್ವರ, ಬೇಲೂರಿನ ಚೆನ್ನಕೇಶವ, ಇವುಗಳ ಸುತ್ತ ಇನ್ನೂ ಎಚ್ಚರ ಬೇಕು. ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು 2023ರ ಸೆಪ್ಟೆಂಬರಿನಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿವೆ. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆಗಿನ 200 ಮೀಟರ್ ನಿಯಂತ್ರಿತ ವಲಯ. ಅಲ್ಲಿ ಗುದ್ದಲಿ ಎತ್ತುವ ಮೊದಲು ಇಲಾಖೆಯನ್ನು ಕೇಳಲೇಬೇಕು. ಬಳಪದ ಕಲ್ಲಿನ ಸಂದಿಯಲ್ಲಿ ಹುಟ್ಟಿದ ಅರಳಿಯ ಸಸಿಯನ್ನು ಕಂಡರೂ ಎಳೆಯಬಾರದು, ಬೇರು ಕಲ್ಲಿನ ಚಕ್ಕೆಯನ್ನೂ ಕಿತ್ತುಕೊಂಡು ಬರುತ್ತದೆ.

ಹಳೇಬೀಡಿನ ದ್ವಾರಸಮುದ್ರದಂಥ ದೊಡ್ಡ ಕೆರೆಯ ಹೂಳು ಶ್ರಮದಾನದ ಅಳತೆಗೆ ಮೀರಿದ್ದು. ಒಂದು ಹೆಕ್ಟೇರಿನಿಂದ ಒಂದೇ ಸೆಂಟಿಮೀಟರ್ ದಪ್ಪ ಹೂಳು ತೆಗೆದರೂ ಅದು 100 ಘನ ಮೀಟರ್, ಮೂವತ್ತು ಟ್ರ್ಯಾಕ್ಟರ್ ಲೋಡು. ಅದನ್ನು ಬೇಸಿಗೆಯಲ್ಲಿ ಹೊಲಕ್ಕೆ ಗೋಡು ಹೊಡೆಯುವ ರೈತರೇ ತೆಗೆಯಬೇಕು, ತೆಗೆಯುತ್ತಲೂ ಬಂದಿದ್ದಾರೆ. ತಳದ ಜೇಡಿಯ ಪದರ ಒಡೆಯುವಷ್ಟು ಆಳಕ್ಕೆ ಹೋದರೆ ನೀರು ನಿಲ್ಲುವುದಿಲ್ಲ ಎಂಬುದು ಅವರಿಗೆ ಗೊತ್ತು, ಗುತ್ತಿಗೆಯ ಯಂತ್ರಕ್ಕೆ ಗೊತ್ತಿರುವುದಿಲ್ಲ. ರಣಘಟ್ಟದಿಂದ ಯಗಚಿಯ ನೀರು ಹಳೇಬೀಡಿನ ಕೆರೆಗೆ ಬರಲೆಂದು ಈ ಭಾಗದ ರೈತರು ವರ್ಷಗಟ್ಟಲೆ ಬೀದಿಗಿಳಿದದ್ದು ನೀರಿನ ಬೆಲೆ ಬಲ್ಲವರ ಹೋರಾಟ. ಸ್ವಯಂಸೇವಕರ ಕೈಗೆ ದಕ್ಕುವ ಕೆಲಸ ಬೇರೆ: ಗುಡ್ಡದಿಂದ ಕೆರೆಗೆ ಬರುವ ಪೋಷಕ ಕಾಲುವೆಗಳು. ಕಸ, ಕಟ್ಟಡದ ಅವಶೇಷ, ಜಾಲಿ ಮುಚ್ಚಿದ ಒಂದು ಕಾಲುವೆಯನ್ನು ಹತ್ತು ಜನ ಎರಡು ಭಾನುವಾರದಲ್ಲಿ ಬಿಡಿಸಬಹುದು. ಹಸ್ತ ಮಳೆಗೆ ಮೊದಲು ಬಿಡಿಸಿದರೆ ಅದೇ ವರ್ಷ ಫಲ ಕಾಣುತ್ತದೆ. ಕೆರೆಯಂಚಿನ ತೆಳುನೀರಿನ ಕೆಸರನ್ನು ಮಾತ್ರ ಹಾಗೇ ಬಿಡಬೇಕು, ಉದ್ದ ಕಾಲಿನ ಹಕ್ಕಿಗಳು ಮೇವು ಹುಡುಕುವುದು ಅಲ್ಲೇ. ಅಂಚಿಗೆಲ್ಲ ಕಲ್ಲು ಕಟ್ಟಿ ವಾಕಿಂಗ್ ಪಥ ಮಾಡಿದ ಕೆರೆಗೆ ಅವು ಬರುವುದಿಲ್ಲ.

ಕೊನೆಯದಾಗಿ ಒಂದು ಪುಸ್ತಕ, ಒಂದು ಕ್ಯಾಮೆರಾ. ಗುಡ್ಡದ ಮೇಲೆ ಬಣ್ಣ ಹಚ್ಚಿ ಗುರುತು ಮಾಡಿದ ಒಂದೇ ಕಲ್ಲಿನ ಮೇಲೆ ನಿಂತು, ಪ್ರತಿವರ್ಷ ಚಿತ್ತೆ ಮಳೆ ಮುಗಿದ ಮೇಲೆ ಒಮ್ಮೆ, ಯುಗಾದಿಯ ಹೊತ್ತಿಗೆ ಒಮ್ಮೆ, ಒಂದೇ ದಿಕ್ಕಿಗೆ ಫೋಟೊ ತೆಗೆದಿಡಬೇಕು. ಯಾವ ತಾಕಿನಲ್ಲಿ ಲಂಟಾನ ಯಾವ ತಿಂಗಳು ಕಿತ್ತದ್ದು, ಅಲ್ಲಿಗೆ ತಾನಾಗಿ ಬಂದ ಗಿಡ ಯಾವುದು, ಯಾವ ಅಡ್ಡಗಟ್ಟು ನಿಂತಿತು, ಯಾವುದು ಕೊಚ್ಚಿಹೋಯಿತು, ಎಲ್ಲವನ್ನೂ ತಾರೀಖಿನೊಂದಿಗೆ ಬರೆಯಬೇಕು. ಹತ್ತಿರದ ಪ್ರೌಢಶಾಲೆಯ ಮಕ್ಕಳು, ಕಾಲೇಜಿನ ಎನ್‌ಎಸ್‌ಎಸ್ ಘಟಕದವರು ಈ ಕೆಲಸವನ್ನು ತರಗತಿಯಿಂದ ತರಗತಿಗೆ ದಾಟಿಸುತ್ತ ಹೋಗಬಹುದು. ಇಂಥ ಹತ್ತು ವರ್ಷದ ದಾಖಲೆ ಒಂದು ಗುಡ್ಡಕ್ಕಿದ್ದರೆ, ಅರಣ್ಯ ಇಲಾಖೆಯ ನರ್ಸರಿಯವರು ಮುಂದಿನ ಉತ್ತರೆ ಮಳೆಗೆ ಎಷ್ಟು ದಿಂಡಿಲು, ಎಷ್ಟು ಕಕ್ಕೆ, ಎಷ್ಟು ಎಲಚಿಯ ಬೀಜ ಹಾಕಿಕೊಳ್ಳಬೇಕೆಂದು ಜನವರಿಯಲ್ಲೇ ತೀರ್ಮಾನಿಸಬಹುದು.